ಕುಡಿತ ಬಿಡಲು ಸಹಾಯ ಗುಂಪು: ಹುಡುಕುವುದು ಹೇಗೆ, ಮೊದಲ ದಿನ ಒಳಗೆ ಹೋಗುವುದು ಹೇಗೆ

"ಗುಂಪಿಗೆ ಹೋಗಬೇಕು ಅಂತಿದೆ, ಆದರೆ ಅಲ್ಲಿ ಏನು ಮಾಡುತ್ತಾರೆ?" ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಕೇಳುವವರಲ್ಲಿ ಕೆಲವರು ನಿನ್ನೆ ರಾತ್ರಿ ಕುಡಿದವರು. ಕೆಲವರು ಬಿಟ್ಟು ಹತ್ತು ದಿನ ಆದವರು. ಇನ್ನು ಕೆಲವರು ಕುಡಿಯುವವರ ಹೆಂಡತಿ, ಮಗಳು, ಅಣ್ಣ. ವಿಳಾಸ ಸಿಗದೆ ನಿಂತವರು ಇವರಲ್ಲಿ ಕಡಿಮೆ. ವಿಳಾಸ ಕೈಯಲ್ಲಿ ಹಿಡಿದುಕೊಂಡು ಬಾಗಿಲ ತನಕ ಹೋಗಿ ವಾಪಸ್ ಬಂದವರೇ ಜಾಸ್ತಿ. ನಾನೂ ಮೊದಲ ಸಲ ಆ ಬಾಗಿಲನ್ನು ಎರಡು ಸಲ ದಾಟಿಕೊಂಡು ಹೋಗಿದ್ದೆ, ಫೋನಿನಲ್ಲಿ ಮಾತಾಡುವವನ ಹಾಗೆ ನಟಿಸುತ್ತ. ಹಾಗಾಗಿ ಇಲ್ಲಿ ಹುಡುಕುವ ಕೆಲಸಕ್ಕಿಂತ ಒಳಗೆ ಹೋಗಿ ಕೂರುವ ಕೆಲಸಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಎಲ್ಲಕ್ಕಿಂತ ಮೊದಲು: ದಿಢೀರ್ ಅಂತ ನಿಲ್ಲಿಸಬೇಡಿ

ದಿನಾ ಜಾಸ್ತಿ ಕುಡಿಯುತ್ತಿದ್ದೀರಾ? ಬೆಳಗ್ಗೆ ಎದ್ದಾಗ ಕೈ ನಡುಗುತ್ತದೆಯೇ? ನಡುಕ ನಿಲ್ಲಲು ಮತ್ತೆ ಒಂದು ಗುಟುಕು ಬೇಕಾಗುತ್ತದೆಯೇ? ಹಾಗಿದ್ದರೆ ಗುಂಪಿಗಿಂತ ಮೊದಲು ಡಾಕ್ಟರನ್ನು ನೋಡಿ. ಕುಡಿತಕ್ಕೆ ಒಗ್ಗಿಹೋದ ದೇಹಕ್ಕೆ ಒಮ್ಮೆಲೇ ಅದು ಸಿಗದೆ ಹೋದಾಗ ಆಗುವ ತೊಂದರೆಗೆ ವಿತ್‌ಡ್ರಾವಲ್ ಎನ್ನುತ್ತಾರೆ. ಕೊನೆಯ ಗುಟುಕು ಕುಡಿದ 6ರಿಂದ 24 ಗಂಟೆಗಳಲ್ಲಿ ಬೆವರು, ನಡುಕ, ವಾಂತಿ, ನಿದ್ದೆ ಬಾರದಿರುವುದು ಶುರುವಾಗುತ್ತದೆ. ಕೆಲವರಿಗೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ, ಎಲ್ಲಿದ್ದೇನೆ ಅನ್ನುವುದೇ ತಿಳಿಯದಾಗುತ್ತದೆ, ಜ್ವರ ಏರುತ್ತದೆ. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅಂತ ಹೆಸರು. ಇದರಿಂದ ಜೀವ ಹೋಗುವುದೂ ಉಂಟು.

ಇದು ಹೆದರಿಸಲು ಹೇಳಿದ್ದಲ್ಲ. ಡಾಕ್ಟರ ಕಣ್ಣಳತೆಯಲ್ಲಿ, ಸರಿಯಾದ ಮಾತ್ರೆಯೊಂದಿಗೆ ಈ ಕೆಲವು ದಿನಗಳನ್ನು ದಾಟಬಹುದು. ಹಿಂದೆ ಎಂದಾದರೂ ಕುಡಿತ ನಿಲ್ಲಿಸಿದಾಗ ಫಿಟ್ಸ್ ಬಂದಿದ್ದರೆ ಮನೆಯಲ್ಲಿ ಒಬ್ಬರೇ ಈ ಪ್ರಯತ್ನ ಬೇಡವೇ ಬೇಡ. ಗುಂಪಿನಲ್ಲಿ ಕೂತ ಯಾರೂ ಈ ಕೆಲಸ ಮಾಡಲಾರರು. ಗುಂಪು ಇರುವುದು ಇದಾದ ಮೇಲಿನ ದಿನಗಳಿಗೆ. ಡಾಕ್ಟರ ಹತ್ತಿರ ಹೋಗುತ್ತಲೇ ಗುಂಪಿಗೂ ಹೋಗಬಹುದು, ಒಂದು ಮುಗಿದ ಮೇಲೇ ಇನ್ನೊಂದು ಅಂತೇನಿಲ್ಲ.

ಏನೇನು ಬೇಕು?

ಬೇಕಾಗುವುದು ಬಹಳ ಕಡಿಮೆ. ಒಂದು ಫೋನು, ವಾರದಲ್ಲಿ ಒಂದೂವರೆ ಗಂಟೆ, ಹೋಗಿಬರುವ ದಾರಿ ಖರ್ಚು. ಗುರುತಿನ ಚೀಟಿ ಬೇಡ. ಡಾಕ್ಟರ ಚೀಟಿ ಬೇಡ. ಪೂರ್ತಿ ಹೆಸರೂ ಬೇಡ. "ನಾನು ನಿಜವಾಗಿಯೂ ಅಷ್ಟು ಕುಡಿಯುತ್ತೇನಾ?" ಅನ್ನುವ ಲೆಕ್ಕಾಚಾರ ಮುಗಿಸಿಕೊಂಡೇ ಹೋಗಬೇಕೆಂದೂ ಇಲ್ಲ. ತಿಳಿದುಕೊಳ್ಳಲೇಬೇಕು ಅನಿಸಿದರೆ ವಿಶ್ವ ಆರೋಗ್ಯ ಸಂಸ್ಥೆಯ 'ಆಡಿಟ್' ಎಂಬ 10 ಪ್ರಶ್ನೆಗಳ ಪಟ್ಟಿ ಇದೆ. ಅದರಲ್ಲಿ 40ಕ್ಕೆ 8 ಅಥವಾ ಹೆಚ್ಚು ಅಂಕ ಬಂದರೆ ಕುಡಿತ ಅಪಾಯದ ಕಡೆ ವಾಲಿದೆ ಎಂದರ್ಥ. ಆದರೆ ಬಾಗಿಲಲ್ಲಿ ಯಾರೂ ನಿಮ್ಮ ಅಂಕ ಕೇಳುವುದಿಲ್ಲ.

ಹಂತ 1: ಯಾವ ಬಗೆಯ ಗುಂಪು ಅಂತ ತಿಳಿದುಕೊಳ್ಳಿ

ಎಲ್ಲ ಗುಂಪೂ ಒಂದೇ ಅಲ್ಲ. ಇದು ಗೊತ್ತಿಲ್ಲದೆ ಒಂದು ಕಡೆ ಹೋಗಿ, "ಇದು ನನಗಲ್ಲ" ಎಂದು ಪೂರ್ತಿ ಕೈಬಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ.

ಹೆಚ್ಚು ಕಡೆ ಸಿಗುವುದು ಆಲ್ಕೊಹಾಲಿಕ್ಸ್ ಅನಾನಿಮಸ್, ಎಲ್ಲರ ಬಾಯಲ್ಲಿ 'ಎಎ'. 1935ರಲ್ಲಿ ಅಮೆರಿಕದ ಏಕ್ರನ್ ಎಂಬ ಊರಿನಲ್ಲಿ ಒಬ್ಬ ಷೇರು ವ್ಯವಹಾರದವನೂ ಒಬ್ಬ ಸರ್ಜನ್ನೂ ಭೇಟಿಯಾದರು. ಇಬ್ಬರೂ ಕುಡುಕರೇ. ಒಬ್ಬ ಕುಡುಕ ಇನ್ನೊಬ್ಬ ಕುಡುಕನ ಹತ್ತಿರ ಕೂತು ಮಾತಾಡಿದರೆ ಆ ದಿನ ಇಬ್ಬರೂ ಕುಡಿಯದೆ ಇರಬಹುದು ಎಂದು ಅವರಿಗೆ ಹೊಳೆಯಿತು. ಇವತ್ತಿಗೂ ಎಎ ಸಭೆ ನಡೆಯುವುದು ಅದೇ ನಂಬಿಕೆಯ ಮೇಲೆ. 'ಹನ್ನೆರಡು ಹೆಜ್ಜೆಗಳು' ಅವರ ದಾರಿ: ಕುಡಿತ ಕೈಮೀರಿದೆ ಎಂದು ಒಪ್ಪುವುದು, ತನಗಿಂತ ದೊಡ್ಡದೊಂದರ ಸಹಾಯ ಬೇಡುವುದು, ಮಾಡಿದ ತಪ್ಪುಗಳ ಪಟ್ಟಿ ಮಾಡಿ ಸಾಧ್ಯವಾದಲ್ಲಿ ಸರಿಪಡಿಸುವುದು, ಇನ್ನೊಬ್ಬರಿಗೆ ನೆರವಾಗುವುದು. ಅಲ್ಲಿ ದೇವರ ಮಾತು ಬರುತ್ತದೆ. 'ನಮಗೆ ತೋಚಿದ ಹಾಗೆ ನಾವು ತಿಳಿದುಕೊಂಡ ದೇವರು' ಎಂದು ಬಿಡಿಸಿ ಹೇಳುತ್ತಾರೆ. ಗುಂಪನ್ನೇ ಆ ದೊಡ್ಡ ಶಕ್ತಿ ಎಂದುಕೊಂಡ ನಾಸ್ತಿಕರೂ ಅಲ್ಲಿದ್ದಾರೆ.

ದೇವರ ಮಾತೇ ಬೇಡ ಅನ್ನುವವರಿಗೆ 'ಸ್ಮಾರ್ಟ್ ರಿಕವರಿ' ಇದೆ. ಈ ಹೆಸರಿನಲ್ಲಿ 1994ರಿಂದ ನಡೆಯುತ್ತಿದೆ. ಮನಶ್ಶಾಸ್ತ್ರದ ವಿಧಾನಗಳ ಮೇಲೆ ನಿಂತ ಗುಂಪಿದು. ಕುಡಿಯಬೇಕೆಂಬ ಚಡಪಡಿಕೆ ಬಂದಾಗ ಏನು ಮಾಡಬೇಕು, ತಲೆಯಲ್ಲಿ ಓಡುವ ಯೋಚನೆಯನ್ನು ಹೇಗೆ ಹಿಡಿದು ಪ್ರಶ್ನಿಸಬೇಕು ಎಂದು ಅಭ್ಯಾಸ ಮಾಡಿಸುತ್ತಾರೆ. ತರಬೇತಿ ಪಡೆದ ಒಬ್ಬರು ನಡೆಸಿಕೊಡುತ್ತಾರೆ. 'ಲೈಫ್‌ರಿಂಗ್' ಕೂಡ ದೇವರನ್ನು ಹೊರಗಿಟ್ಟ ಗುಂಪು. ಹೆಂಗಸರಿಗೆ ಮಾತ್ರ ಇರುವ 'ವಿಮೆನ್ ಫಾರ್ ಸೊಬ್ರೈಟಿ' 1970ರ ದಶಕದಲ್ಲೇ ಹುಟ್ಟಿತು. ಎಎಯಲ್ಲೂ ಹೆಂಗಸರದೇ ಸಭೆಗಳು ಹಲವು ಕಡೆ ಇವೆ. ಇವು ಬಿಟ್ಟರೆ ಆಸ್ಪತ್ರೆಗಳು, ಡಿ-ಅಡಿಕ್ಷನ್ ಕೇಂದ್ರಗಳು ತಾವೇ ನಡೆಸುವ ಗುಂಪುಗಳು.

ನನ್ನ ಅಭಿಪ್ರಾಯ ಕೇಳಿದರೆ, ಮೊದಲಿಗೆ ಹತ್ತಿರ ಇರುವುದಕ್ಕೆ ಹೋಗಿ. ತತ್ವ ಸರಿಯಾಗಿದ್ದು ಎರಡು ಗಂಟೆ ಪ್ರಯಾಣ ಇರುವ ಗುಂಪಿಗಿಂತ, ತತ್ವ ಅಷ್ಟಕ್ಕಷ್ಟೇ ಇದ್ದು ನಡೆದುಹೋಗುವಷ್ಟು ಹತ್ತಿರ ಇರುವ ಗುಂಪು ಮೇಲು. ಮಳೆ ಬಂದ ದಿನವೂ ಹೋಗಬೇಕಲ್ವಾ?

"ಇದರಿಂದ ನಿಜಕ್ಕೂ ಉಪಯೋಗ ಇದೆಯಾ?" ಎಂದೂ ಕೇಳುತ್ತಾರೆ. 2020ರಲ್ಲಿ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, 10,565 ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿತು. ಎಎಗೆ ವ್ಯವಸ್ಥಿತವಾಗಿ ಜೋಡಿಸಿದವರಲ್ಲಿ ಪೂರ್ತಿ ಕುಡಿಯದೆ ಉಳಿದವರು ಬೇರೆ ಚಿಕಿತ್ಸೆಗಳಿಗಿಂತ ಹೆಚ್ಚಾಗಿ ಕಂಡರು. 'ವ್ಯವಸ್ಥಿತವಾಗಿ ಜೋಡಿಸಿದವರು' ಅನ್ನುವುದನ್ನು ಗಮನಿಸಿ. ಸುಮ್ನೆ ವಿಳಾಸ ಕೊಟ್ಟು ಕಳಿಸಿದ್ದಲ್ಲ. ಹಾಗಾಗಿ ನಿಮ್ಮ ಡಾಕ್ಟರೋ ಕೌನ್ಸೆಲರೋ "ಎಎಗೆ ಹೋಗಿ ನೋಡಿ" ಎಂದು ಕೈತೊಳೆದುಕೊಂಡರೆ ಬಿಡಬೇಡಿ. "ನಿಮಗೆ ಗೊತ್ತಿರುವ ಸದಸ್ಯರು ಯಾರಾದರೂ ಇದ್ದರೆ ಅವರ ಒಪ್ಪಿಗೆ ಕೇಳಿ ನನ್ನ ಜೊತೆ ಮಾತಾಡಿಸಿ" ಎನ್ನಿ.

ಹಂತ 2: ಹುಡುಕುವುದು

ಆಯಾ ಸಂಸ್ಥೆಯ ಸ್ವಂತ ವೆಬ್‌ಸೈಟಿನಿಂದಲೇ ಶುರು ಮಾಡಿ. ನಿಮ್ಮ ದೇಶದ ಎಎ ವೆಬ್‌ಸೈಟಿನಲ್ಲಿ ಊರುವಾರು ಸಭೆಗಳ ಪಟ್ಟಿ ಅಥವಾ ಸಹಾಯವಾಣಿ ನಂಬರ್ ಇರುತ್ತದೆ. ಎಎಯದೇ 'ಮೀಟಿಂಗ್ ಗೈಡ್' ಎಂಬ ಉಚಿತ ಆ್ಯಪ್ ಕೂಡ ಇದೆ. ಎಲ್ಲ ಗುಂಪುಗಳೂ ಅದರಲ್ಲಿ ಸೇರಿರುವುದಿಲ್ಲ, ಹಾಗಾಗಿ ಅದರಲ್ಲಿ ಕಾಣಲಿಲ್ಲ ಎಂದರೆ ಊರಲ್ಲೇ ಇಲ್ಲ ಎಂದುಕೊಳ್ಳಬೇಡಿ. ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗದಲ್ಲೂ ವಿಚಾರಿಸಬಹುದು.

ಇಲ್ಲಿ ಒಂದು ಹಳ್ಳ ಇದೆ, ಹುಷಾರು. "ಕುಡಿತ ಬಿಡಲು ಸಹಾಯ" ಎಂದು ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಬರುವುದು ಬಹುಪಾಲು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. "ಉಚಿತ ಸಹಾಯವಾಣಿ" ಎಂದು ಬರೆದಿರುತ್ತದೆ. ಫೋನ್ ಮಾಡಿದರೆ ಯಾವುದೋ ಖಾಸಗಿ ಕೇಂದ್ರದವರು ಎತ್ತಿ, "ಇವತ್ತೇ ಅಡ್ಮಿಟ್ ಮಾಡಿ, ಇಷ್ಟು ಮುಂಗಡ ಕಟ್ಟಿ" ಎನ್ನುತ್ತಾರೆ. ಕೇಂದ್ರಕ್ಕೆ ಸೇರುವುದು ತಪ್ಪಲ್ಲ, ಕೆಲವರಿಗೆ ಅದೇ ಬೇಕು. ಆದರೆ ನೀವು ಹುಡುಕುತ್ತಿರುವುದು ಅದನ್ನಲ್ಲ. ಗುರುತಿಸುವುದು ಸುಲಭ: ಎಎ ಸಭೆಗೆ ಫೀಸು ಇಲ್ಲ, ನೋಂದಣಿ ಇಲ್ಲ. ದುಡ್ಡಿನ ಮಾತು ಮೊದಲ ಎರಡು ನಿಮಿಷದಲ್ಲಿ ಬಂತು ಎಂದರೆ ಅದು ಬೇರೆ ಏನೋ.

ಹತ್ತಿರ ಯಾವುದೂ ಸಿಗಲಿಲ್ಲವೇ? ಆನ್‌ಲೈನ್ ಸಭೆಗಳಿವೆ, ಗಡಿಯಾರ ಸುತ್ತಲೂ ಎಲ್ಲೋ ಒಂದು ಕಡೆ ನಡೆಯುತ್ತಲೇ ಇರುತ್ತವೆ. ಕ್ಯಾಮೆರಾ ಆಫ್ ಇಟ್ಟು ಕೂರಬಹುದು. ಪರದೆಯ ಮೇಲೆ ಪೂರ್ತಿ ಹೆಸರು ಬರದ ಹಾಗೆ ಮೊದಲೇ ಬದಲಾಯಿಸಿಕೊಳ್ಳಿ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಲಾಗಿನ್ ಆಗಿ ಪೂರ್ತಿ ಹೆಸರು, ಹುದ್ದೆ ಸಮೇತ ಕಾಣಿಸಿಕೊಂಡವರನ್ನು ನೋಡಿದ್ದೇನೆ.

ಹಂತ 3: ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ

ಪಟ್ಟಿಗಳು ಹಳೆಯದಾಗಿರುತ್ತವೆ. ಸಭೆ ನಡೆಸುವವರು ಸಂಬಳದವರಲ್ಲ, ಸ್ವಂತ ಕೆಲಸದ ನಡುವೆ ಇದನ್ನು ಮಾಡುವವರು. ಕೋಣೆ ಬದಲಾಗಿರುತ್ತದೆ, ವಾರ ಬದಲಾಗಿರುತ್ತದೆ. ಧೈರ್ಯ ಒಟ್ಟುಮಾಡಿಕೊಂಡು ಹೋದ ದಿನ ಬೀಗ ಹಾಕಿದ ಬಾಗಿಲು ಕಂಡರೆ ಇನ್ನೊಮ್ಮೆ ಹೋಗಲು ತಿಂಗಳುಗಳೇ ಬೇಕಾಗಬಹುದು. ಅದಕ್ಕೇ ಫೋನ್ ಮಾಡಿ. ಏನು ಹೇಳಬೇಕೆಂದು ತೋಚದಿದ್ದರೆ ಇದನ್ನೇ ಓದಿ:

"ನಮಸ್ಕಾರ. ನಾನು ಹೊಸಬ, ಮೊದಲ ಸಲ ಬರ್ತಾ ಇದೀನಿ. ಗುರುವಾರ ಸಂಜೆಯ ಸಭೆ ಈಗಲೂ ನಡೀತಿದೆಯಾ? ಅದು ಓಪನ್ನಾ, ಕ್ಲೋಸ್ಡಾ? ಯಾವ ಬಾಗಿಲಿಂದ ಬರಬೇಕು?"

ಓಪನ್ ಸಭೆ ಎಂದರೆ ಯಾರು ಬೇಕಾದರೂ ಬಂದು ಕೂರಬಹುದು: ಮನೆಯವರು, ಸ್ನೇಹಿತರು, ಸುಮ್ನೆ ತಿಳಿದುಕೊಳ್ಳಲು ಬಂದವರು. ಕ್ಲೋಸ್ಡ್ ಸಭೆ ಕುಡಿತದ ತೊಂದರೆ ಇರುವವರಿಗೆ, ಬಿಡಬೇಕು ಅನ್ನುವ ಆಸೆ ಇರುವವರಿಗೆ ಮಾತ್ರ. ನೀವು ಎರಡಕ್ಕೂ ಹೋಗಬಹುದು. ಜೊತೆಗೆ ಅಕ್ಕನನ್ನೋ ಗೆಳೆಯನನ್ನೋ ಕರೆದುಕೊಂಡು ಹೋಗುವುದಾದರೆ ಓಪನ್ ಸಭೆಯನ್ನೇ ಆರಿಸಿ.

ಬಾಗಿಲಿನ ಪ್ರಶ್ನೆ ತಮಾಷೆಗೆ ಹಾಕಿದ್ದಲ್ಲ. ಸಭೆಗಳು ನಡೆಯುವುದು ಶಾಲೆಯ ಕೋಣೆ, ಸಮುದಾಯ ಭವನ, ಚರ್ಚಿನ ಹಿಂಬದಿಯ ಹಾಲ್, ಆಸ್ಪತ್ರೆಯ ಮೇಲಂತಸ್ತು ಇಂಥ ಕಡೆ. ಹೊರಗೆ ದೊಡ್ಡ ಬೋರ್ಡ್ ಇರುವುದಿಲ್ಲ. ಬಾಗಿಲಿಗೆ ಅಂಟಿಸಿದ ಎ4 ಹಾಳೆಯಲ್ಲಿ ಎರಡು ಅಕ್ಷರ ಇದ್ದರೆ ಅದೇ ದೊಡ್ಡದು. ಜಾಗ ಯಾವ ಧರ್ಮದವರದ್ದು ಎಂಬುದಕ್ಕೂ ಗುಂಪಿಗೂ ಸಂಬಂಧವಿಲ್ಲ. ಕೋಣೆ ಸಿಕ್ಕ ಕಡೆ ಸಭೆ ನಡೆಯುತ್ತದೆ, ಅಷ್ಟೇ.

ಹಂತ 4: ಮೊದಲ ದಿನದ ತಯಾರಿ

ಹತ್ತು ನಿಮಿಷ ಮೊದಲೇ ಹೋಗಿ. ತಡವಾಗಿ ಹೋದರೆ ಎಲ್ಲರೂ ತಿರುಗಿ ನೋಡುತ್ತಾರೆ ಅನಿಸುತ್ತದೆ, ಆ ಅನಿಸಿಕೆಯೇ ವಾಪಸ್ ಕಳಿಸುತ್ತದೆ. ಬೇಗ ಹೋದರೆ ಇಬ್ಬರು ಮೂವರು ಕುರ್ಚಿ ಹಾಕುತ್ತಿರುತ್ತಾರೆ. ಅವರಲ್ಲೊಬ್ಬರಿಗೆ "ನಾನು ಹೊಸಬ" ಎಂದರೆ ಸಾಕು. ಮುಂದಿನದನ್ನು ಅವರೇ ನೋಡಿಕೊಳ್ಳುತ್ತಾರೆ.

ಮಾಮೂಲಿ ಬಟ್ಟೆ ಸಾಕು. ಫೋನ್ ಸೈಲೆಂಟ್ ಮಾಡಿ. ಸಭೆ ಸಾಮಾನ್ಯವಾಗಿ ಒಂದು ಗಂಟೆ, ಕೆಲವೊಮ್ಮೆ ಒಂದೂವರೆ. ಅದಾದ ಕೂಡಲೇ ಬೇರೆ ಕೆಲಸ ಇಟ್ಟುಕೊಳ್ಳಬೇಡಿ, ಕಾರಣ ಮುಂದೆ ಹೇಳುತ್ತೇನೆ.

ಆ ದಿನವೇ ಕುಡಿದುಬಿಟ್ಟಿದ್ದರೆ? ಹೋಗಬಹುದು. ಗಲಾಟೆ ಮಾಡದೆ ಕೂತರೆ ಎಎಯಲ್ಲಿ ಸಾಮಾನ್ಯವಾಗಿ ಹೊರಗೆ ಕಳಿಸುವುದಿಲ್ಲ. ಮಾತಾಡುವ ಸರದಿ ಮಾತ್ರ ಬೇಡ, ಕೇಳಿಸಿಕೊಳ್ಳಿ. ಗಾಡಿ ಓಡಿಸಿಕೊಂಡು ಮಾತ್ರ ಹೋಗಬೇಡಿ.

ಹಂತ 5: ಒಳಗೆ ಏನು ನಡೆಯುತ್ತದೆ

ಕುರ್ಚಿಗಳು ವೃತ್ತವಾಗಿಯೋ ಸಾಲಾಗಿಯೋ ಇರುತ್ತವೆ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂರಿ. ಯಾವಾಗ ಬೇಕಾದರೂ ಎದ್ದು ಹೋಗಬಹುದು ಎಂದು ಗೊತ್ತಿದ್ದರೆ ಕೂರುವುದು ಸುಲಭ. ಆ ದಿನ ಸಭೆ ನಡೆಸುವವರು ಶುರು ಮಾಡುತ್ತಾರೆ. ಪ್ಲಾಸ್ಟಿಕ್ ಹೊದಿಸಿದ, ಅಂಚು ಸವೆದ ಒಂದು ಹಾಳೆ ಕೈಯಿಂದ ಕೈಗೆ ಹೋಗುತ್ತದೆ. ಅದರಲ್ಲಿರುವುದು ಗುಂಪಿನ ಪರಿಚಯ. ಅದನ್ನು ಓದಿ ಎಂದು ನಿಮ್ಮ ಕೈಗೂ ಕೊಡಬಹುದು. "ಬೇಡ" ಎಂದು ಪಕ್ಕದವರಿಗೆ ದಾಟಿಸಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಆ ಹಾಳೆಯಲ್ಲಿ ಒಂದು ಸಾಲು ಇರುತ್ತದೆ: ಸದಸ್ಯರಾಗಲು ಬೇಕಾದ್ದು ಒಂದೇ, ಕುಡಿತ ಬಿಡಬೇಕೆಂಬ ಆಸೆ. ಬಿಟ್ಟಿರಬೇಕು ಎಂದಿಲ್ಲ, ಗಮನಿಸಿ.

"ಹೊಸಬರು ಯಾರಾದರೂ ಇದ್ದೀರಾ?" ಎಂದು ಕೇಳಬಹುದು. ಕೈ ಎತ್ತಿದರೆ ಒಳ್ಳೆಯದು, ಎತ್ತದಿದ್ದರೆ ತಪ್ಪಲ್ಲ. ಹೆಸರಿನ ಮೊದಲ ಭಾಗ ಮಾತ್ರ ಹೇಳಿ. ನಿಜವಾದ ಹೆಸರು ಹೇಳಲು ಮನಸ್ಸಿಲ್ಲದಿದ್ದರೆ ಬೇರೆ ಹೇಳಿ. ಹಳಬರು ತಮ್ಮ ಹೆಸರು ಹೇಳಿ "ನಾನೊಬ್ಬ ಆಲ್ಕೊಹಾಲಿಕ್" ಎನ್ನುತ್ತಾರೆ, ಉಳಿದವರೆಲ್ಲ ಒಟ್ಟಿಗೆ ಆ ಹೆಸರು ಹಿಡಿದು ನಮಸ್ಕಾರ ಹೇಳುತ್ತಾರೆ. ಮೊದಲ ಸಲ ಕೇಳಿದಾಗ ನಗು ಬರಬಹುದು. ನೀವು ಆ ಪದ ಹೇಳಲೇಬೇಕು ಎಂದಿಲ್ಲ.

ಆಮೇಲೆ 'ಶೇರಿಂಗ್'. ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳುವುದು. ಕೆಲವು ಸಭೆಯಲ್ಲಿ ಒಬ್ಬರೇ ಉದ್ದಕ್ಕೆ ಮಾತಾಡುತ್ತಾರೆ, ಕೆಲವು ಸಭೆಯಲ್ಲಿ ಒಂದು ಹೆಜ್ಜೆ ಓದಿ ಅದರ ಸುತ್ತ ಮಾತಾಡುತ್ತಾರೆ. ಸರದಿ ನಿಮ್ಮ ಹತ್ತಿರ ಬಂದಾಗ ಒಂದೇ ವಾಕ್ಯ ಸಾಕು: "ಇವತ್ತು ನಾನು ಕೇಳಿಸಿಕೊಳ್ಳುತ್ತೇನೆ."

ಮಾತಾಡಿದಿರಿ ಎಂದಿಟ್ಟುಕೊಳ್ಳಿ. ಗಂಟಲು ಕಟ್ಟಿ, ಮನೆಯಲ್ಲೂ ಹೇಳದ್ದೊಂದನ್ನು ಹೇಳಿಬಿಟ್ಟಿರಿ. ಆಮೇಲೆ ಏನಾಗುತ್ತದೆ? ಏನೂ ಆಗುವುದಿಲ್ಲ. ಒಬ್ಬರು "ಥ್ಯಾಂಕ್ಸ್" ಎನ್ನುತ್ತಾರೆ, ಮುಂದಿನವರು ತಮ್ಮದನ್ನು ಶುರು ಮಾಡುತ್ತಾರೆ. ಹೊಸಬರು ಇಲ್ಲಿ ತಪ್ಪು ತಿಳಿಯುತ್ತಾರೆ: "ನಾನು ಹೇಳಬಾರದ್ದು ಹೇಳಿದೆ, ಯಾರಿಗೂ ಏನೂ ಅನಿಸಲಿಲ್ಲ." ವಿಷಯ ಹಾಗಲ್ಲ. ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಡುವುದಕ್ಕೆ, ಬುದ್ಧಿ ಹೇಳುವುದಕ್ಕೆ, ನಡುವೆ ಪ್ರಶ್ನೆ ಹಾಕುವುದಕ್ಕೆ 'ಕ್ರಾಸ್‌ಟಾಕ್' ಎನ್ನುತ್ತಾರೆ. ಹೆಚ್ಚಿನ ಎಎ ಸಭೆಗಳಲ್ಲಿ ಅದಕ್ಕೆ ಅವಕಾಶವಿಲ್ಲ. ಬದುಕಿಡೀ ಬುದ್ಧಿವಾದ ಕೇಳಿ ಸಾಕಾದವರು ಕೂತಿರುವ ಕೋಣೆ ಅದು. ಅಲ್ಲಿನ ಮೌನ ಬೇಕೆಂದೇ ಇಟ್ಟಿದ್ದು. ಸ್ಮಾರ್ಟ್ ಸಭೆಯಲ್ಲಿ ಹೀಗಿಲ್ಲ, ಅಲ್ಲಿ ಪರಸ್ಪರ ಮಾತುಕತೆ ನಡೆಯುತ್ತದೆ.

ನಡುವೆ ಒಂದು ಡಬ್ಬಿಯೋ ಬುಟ್ಟಿಯೋ ಸುತ್ತುತ್ತದೆ. ಎಎ ಹೊರಗಿನವರ ದೇಣಿಗೆ ತೆಗೆದುಕೊಳ್ಳುವುದಿಲ್ಲ, ಕೋಣೆ ಬಾಡಿಗೆಗೆ ಸದಸ್ಯರೇ ಹಾಕುತ್ತಾರೆ. ಹೊಸಬರು ಹಾಕಬೇಕಾಗಿಲ್ಲ. ಕೆಲವು ಕಡೆ ಕುಡಿಯದೆ 24 ಗಂಟೆ, 30 ದಿನ, 90 ದಿನ, ಒಂದು ವರ್ಷ ಕಳೆದವರಿಗೆ ನಾಣ್ಯದ ಹಾಗಿನ ಬಿಲ್ಲೆ ಕೊಟ್ಟು ಚಪ್ಪಾಳೆ ತಟ್ಟುತ್ತಾರೆ. ಕೊನೆಗೆ ಎಲ್ಲರೂ ಎದ್ದು ಸಣ್ಣ ಪ್ರಾರ್ಥನೆ ಹೇಳಬಹುದು, ಕೈ ಹಿಡಿಯಬಹುದು. ಇಷ್ಟವಿಲ್ಲದಿದ್ದರೆ ಸುಮ್ಮನೆ ನಿಂತಿರಿ.

ಗುಟ್ಟಿನ ಬಗ್ಗೆ ಒಂದು ಮಾತು. "ಇಲ್ಲಿ ಕೇಳಿದ್ದು ಇಲ್ಲೇ ಇರಲಿ" ಎಂದು ಎಲ್ಲರೂ ಒಪ್ಪಿರುತ್ತಾರೆ, ಬಹುಮಟ್ಟಿಗೆ ಪಾಲಿಸುತ್ತಾರೆ ಕೂಡ. ಆದರೆ ಅದು ಮಾತಿನ ಒಪ್ಪಂದ. ಡಾಕ್ಟರೋ ವಕೀಲರೋ ಇಟ್ಟುಕೊಳ್ಳಬೇಕಾದ ಗುಟ್ಟಿನ ಹಾಗೆ ಅದಕ್ಕೆ ಕಾನೂನಿನ ಬಲ ಇದೆ ಎಂದು ನಂಬಿಕೊಳ್ಳಬೇಡಿ. ನಡೆಯುತ್ತಿರುವ ಕೋರ್ಟು ಕೇಸಿನ ವಿವರ, ಇನ್ನೊಬ್ಬರ ಹೆಸರು ಹಿಡಿದ ವಿಷಯ ಸಭೆಯಲ್ಲಿ ಬೇಡ. ಪರಿಚಯದವರು ಕಂಡುಬಿಟ್ಟರೆ ಎಂಬ ಹೆದರಿಕೆ ಎಲ್ಲರಿಗೂ ಇರುತ್ತದೆ. ಕಂಡರೆ ಅವರೂ ಅಲ್ಲಿ ಕೂತಿದ್ದಾರೆ ಎಂದೇ ಅರ್ಥ ಅಲ್ವಾ? ಹೊರಗೆ ಭೇಟಿಯಾದಾಗ ಅವರಾಗಿ ಎತ್ತದಿದ್ದರೆ ನೀವೂ ಎತ್ತಬೇಡಿ.

ಹಂತ 6: ಸಭೆ ಮುಗಿದ ಮೇಲಿನ ಹತ್ತು ನಿಮಿಷ

ಮುಗಿದ ತಕ್ಷಣ ಓಡಿಹೋಗಬೇಕು ಅನಿಸುತ್ತದೆ. ಓಡಬೇಡಿ. ಸಭೆಯೊಳಗೆ ನಿಮಗೆ ಯಾರೂ ಉತ್ತರ ಕೊಟ್ಟಿರಲಿಲ್ಲ, ಈಗ ಕೊಡುತ್ತಾರೆ. ಕುರ್ಚಿ ಮಡಚುತ್ತ, ಚಪ್ಪಲಿ ಹಾಕಿಕೊಳ್ಳುತ್ತ ಒಬ್ಬರು ಹತ್ತಿರ ಬಂದು "ನನಗೂ ಹಾಗೇ ಆಗಿತ್ತು" ಎನ್ನುತ್ತಾರೆ. ನನ್ನ ಲೆಕ್ಕದಲ್ಲಿ ಗುಂಪಿನ ಅರ್ಧ ಪ್ರಯೋಜನ ಇರುವುದು ಈ ಹತ್ತು ನಿಮಿಷದಲ್ಲಿ.

ಎರಡು ಮೂರು ಫೋನ್ ನಂಬರ್ ಕೇಳಿ ತೆಗೆದುಕೊಳ್ಳಿ. ಗಂಡಸರು ಗಂಡಸರದ್ದು, ಹೆಂಗಸರು ಹೆಂಗಸರದ್ದು ತೆಗೆದುಕೊಳ್ಳುವುದು ರೂಢಿ, ಇದಕ್ಕೆ ಕಾರಣವೂ ಇದೆ. ಆ ರಾತ್ರಿಯೇ ಒಬ್ಬರಿಗೆ ಫೋನ್ ಮಾಡಿ "ಮನೆ ತಲುಪಿದೆ" ಎಂದಷ್ಟೇ ಹೇಳಿ. ಏನೂ ತೊಂದರೆ ಇಲ್ಲದ ದಿನ ಒಮ್ಮೆ ಫೋನ್ ಮಾಡಿ ಅಭ್ಯಾಸವಾಗಿದ್ದರೆ, ಕುಡಿಯಬೇಕೆಂಬ ಒತ್ತಡ ಬಂದ ರಾತ್ರಿ ಆ ನಂಬರ್ ಒತ್ತಲು ಬೆರಳು ಹಿಂಜರಿಯುವುದಿಲ್ಲ.

ಹಂತ 7: ಒಂದೇ ಸಭೆ ನೋಡಿ ತೀರ್ಮಾನ ಮಾಡಬೇಡಿ

ಮೊದಲ ಸಭೆ ಹಿಡಿಸದಿರುವುದೇ ಹೆಚ್ಚು. ಒಬ್ಬರು ಉದ್ದಕ್ಕೆ ಎಳೆದಿರುತ್ತಾರೆ, ಒಬ್ಬರು ತಮ್ಮ ಕುಡಿತದ ಸಾಹಸವನ್ನೇ ಹೇಳಿಕೊಂಡಿರುತ್ತಾರೆ. "ನಾನು ಇವರಷ್ಟು ಕೆಟ್ಟಿಲ್ಲ" ಎನ್ನುವ ಯೋಚನೆ ಬರುತ್ತದೆ. ಬಂದೇ ಬರುತ್ತದೆ. ಆಗ ಅವರು ಎಷ್ಟು ಕುಡಿದರು ಎನ್ನುವುದನ್ನು ಬಿಟ್ಟು ಕುಡಿಯುವ ಮುಂಚೆ, ಕುಡಿದ ಮೇಲೆ ಅವರಿಗೆ ಏನನಿಸುತ್ತಿತ್ತು ಎನ್ನುವುದನ್ನು ಕೇಳಿಸಿಕೊಳ್ಳಿ. ಹೋಲಿಕೆ ಅಲ್ಲಿ ಸಿಗುತ್ತದೆ.

ಬೇರೆ ಬೇರೆ ದಿನದ, ಸಾಧ್ಯವಾದರೆ ಬೇರೆ ಬೇರೆ ಗುಂಪಿನ ಐದಾರು ಸಭೆ ನೋಡಿ. "90 ದಿನದಲ್ಲಿ 90 ಸಭೆ" ಎಂಬ ಮಾತು ಎಎಯಲ್ಲಿ ಓಡಾಡುತ್ತದೆ. ಅದು ನಿಯಮವಲ್ಲ, ಸಲಹೆ. ಮೊದಲ ವಾರ ದಿನಾ ಹೋಗಿ ಸುಸ್ತಾಗಿ ಎರಡನೇ ವಾರ ಪೂರ್ತಿ ಬಿಡುವುದಕ್ಕಿಂತ ವಾರಕ್ಕೆ ಎರಡು ಖಾಯಂ ಮಾಡಿಕೊಳ್ಳುವುದು ನನಗೆ ಸರಿ ಅನಿಸುತ್ತದೆ. ಮೊದಮೊದಲ ದಿನಗಳಲ್ಲಿ ದಿನಾ ಹೋಗದಿದ್ದರೆ ಉಳಿಯುತ್ತಿರಲಿಲ್ಲ ಎನ್ನುವವರೂ ಇದ್ದಾರೆ. ನಿಮಗೆ ಸಂಜೆ ಏಳಾದರೆ ಕಾಲು ತಾನಾಗಿ ಬಾರಿನ ಕಡೆ ಹೋಗುತ್ತದೆಯೇ? ಹಾಗಿದ್ದರೆ ಸಂಜೆ ಏಳರ ಸಭೆಯನ್ನೇ ಹಿಡಿಯಿರಿ.

ಇವು ಕಂಡರೆ ಮಾತ್ರ ಗುಂಪು ಬದಲಿಸಿ: ಡಾಕ್ಟರು ಕೊಟ್ಟ ಮಾತ್ರೆ ಬಿಡಿ ಎನ್ನುವುದು, ದುಡ್ಡು ಸಾಲ ಕೇಳುವುದು, ಏನೋ ಮಾರಲು ಬರುವುದು, ಒಬ್ಬರ ಮಾತೇ ಎಲ್ಲರ ಮೇಲೆ ನಡೆಯುವುದು. ಮಾತ್ರೆಯ ವಿಷಯ ಬಹಳ ಕೇಳಿಬರುತ್ತದೆ. "ಮಾತ್ರೆ ತಿಂದರೆ ಅದೂ ಒಂದು ಚಟವೇ" ಎಂದು ಯಾರೋ ಹಳಬರು ಹೇಳಿಬಿಡುತ್ತಾರೆ. ಸದಸ್ಯರು ಯಾರೂ ಡಾಕ್ಟರ ಪಾತ್ರ ವಹಿಸಬಾರದು ಎಂದು ಎಎ ತನ್ನದೇ ಕಿರುಪುಸ್ತಕದಲ್ಲಿ ಹೇಳಿದೆ. ಖಿನ್ನತೆಯ ಮಾತ್ರೆಯಾಗಲಿ, ಕುಡಿಯುವ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಆಗಲಿ, ನಿಲ್ಲಿಸುವ ನಿರ್ಧಾರ ಡಾಕ್ಟರದ್ದು.

ಇನ್ನೊಂದು ಸೂಕ್ಷ್ಮ ವಿಷಯ. ಹೊಸದಾಗಿ ಬಂದು ಮನಸ್ಸು ಮೆತ್ತಗಾಗಿರುವವರ ಜೊತೆ ಸಲಿಗೆ ಬೆಳೆಸಿ ಪ್ರೀತಿ ಪ್ರೇಮದ ಕಡೆ ಎಳೆಯುವ ಹಳಬರು ಎಲ್ಲ ಕಡೆ ಒಬ್ಬಿಬ್ಬರು ಇರುತ್ತಾರೆ. ಇದಕ್ಕೆ ಎಎಯವರೇ 'ಹದಿಮೂರನೇ ಹೆಜ್ಜೆ' ಎಂದು ವ್ಯಂಗ್ಯವಾಗಿ ಹೆಸರಿಟ್ಟಿದ್ದಾರೆ. ಇರಿಸುಮುರಿಸು ಅನಿಸಿದರೆ ಗುಂಪಿನ ಬೇರೆ ಹಳಬರಿಗೆ ಹೇಳಿ. ಸಂಕೋಚ ಪಡಬೇಕಾದವರು ನೀವಲ್ಲ.

ಹಂತ 8: ಸ್ಪಾನ್ಸರ್

ಕೆಲವು ವಾರ ಕಳೆದ ಮೇಲೆ "ಸ್ಪಾನ್ಸರ್ ಸಿಕ್ಕಿದರಾ?" ಎಂದು ಕೇಳುತ್ತಾರೆ. ಖರ್ಚು ನೋಡಿಕೊಳ್ಳುವವರು ಎಂದಲ್ಲ. ನಿಮಗಿಂತ ಮೊದಲೇ ಈ ದಾರಿಯಲ್ಲಿ ನಡೆದು, ಹನ್ನೆರಡು ಹೆಜ್ಜೆಗಳಲ್ಲಿ ನಿಮ್ಮ ಜೊತೆ ಬರುವವರು. ಎಎಗೆ ಸೇರಿದ ಏರ್ಪಾಡು ಇದು, ಸ್ಮಾರ್ಟ್‌ನಲ್ಲಿ ಇಲ್ಲ. ಕನಿಷ್ಠ ಒಂದು ವರ್ಷ ಕುಡಿಯದೆ ಇದ್ದವರು, ಯಾರ ಮಾತು ಕೇಳುವಾಗ ನಿಮಗೆ ನೆಮ್ಮದಿ ಅನಿಸುತ್ತದೋ ಅಂಥವರನ್ನು ಕೇಳಿ. "ಸದ್ಯಕ್ಕೆ ನನ್ನ ಸ್ಪಾನ್ಸರ್ ಆಗ್ತೀರಾ?" ಎಂದು ಕೇಳುವುದು ಸುಲಭ, ಆಮೇಲೆ ಬದಲಿಸಲೂ ಅಡ್ಡಿಯಿಲ್ಲ. ಅವರು "ಆಗಲ್ಲ" ಎಂದರೆ ಬೇಸರ ಬೇಡ, ಈಗಾಗಲೇ ಅವರ ಕೈತುಂಬ ಜನ ಇರಬಹುದು. ಅವರಿಂದ ದುಡ್ಡು, ಕೆಲಸ, ಬಾಡಿಗೆ ಮನೆ ಯಾವುದನ್ನೂ ಕೇಳಬೇಡಿ, ಕೊಡಲೂ ಹೋಗಬೇಡಿ.

ಹಂತ 9: ಮತ್ತೆ ಕುಡಿದುಬಿಟ್ಟರೆ

ಆಗಬಹುದು. ಆದವರು ಮಾಡುವ ತಪ್ಪು ಒಂದೇ: ಗುಂಪಿಗೆ ಮುಖ ತೋರಿಸದೆ ಇರುವುದು. 60 ದಿನದ ಬಿಲ್ಲೆ ತೆಗೆದುಕೊಂಡವರು ಮತ್ತೆ ಒಂದರಿಂದ ಎಣಿಸಬೇಕಲ್ಲ ಎಂಬ ನಾಚಿಕೆ. ಆ ಕೋಣೆಯಲ್ಲಿ ಕೂತ ಬಹಳಷ್ಟು ಜನ ಹಾಗೆ ಮರಳಿ ಎಣಿಸಿದವರೇ. ಮುಂದಿನ ಸಭೆಗೇ ಹೋಗಿ, ಹೇಳಿ, ಕೂರಿ.

ದೇಹದ ಕಡೆಯಿಂದ ಎರಡು ಎಚ್ಚರಿಕೆ. ಕೆಲವು ವಾರ ಬಿಟ್ಟಿದ್ದ ದೇಹಕ್ಕೆ ಹಳೆಯ ಪ್ರಮಾಣ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ, ಮೊದಲಿನಷ್ಟೇ ಕುಡಿದರೆ ಪ್ರಾಣಕ್ಕೆ ಅಪಾಯ ಆಗಬಹುದು. ಮತ್ತೆ ಹಲವು ದಿನ ಸತತ ಕುಡಿದಿದ್ದರೆ ಪುನಃ ದಿಢೀರ್ ನಿಲ್ಲಿಸದೆ ಡಾಕ್ಟರ ಹತ್ತಿರ ಹೋಗಿ. ಬದುಕೇ ಬೇಡ ಎಂಬ ಯೋಚನೆ ಬರುತ್ತಿದ್ದರೆ ಸಭೆಯ ದಿನಕ್ಕೆ ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ ಇಲ್ಲವೇ ತುರ್ತು ಸಹಾಯವಾಣಿಗೆ ಫೋನ್ ಮಾಡಿ, ಹತ್ತಿರದವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಮನೆಯವರು ಓದುತ್ತಿದ್ದರೆ

ನಿಮಗಾಗಿಯೇ 'ಅಲ್-ಅನಾನ್' ಎಂಬ ಬೇರೆ ಗುಂಪಿದೆ, 1951ರಿಂದ. ಹದಿಹರೆಯದ ಮಕ್ಕಳಿಗೆ ಅದರದೇ 'ಅಲಾಟೀನ್' ಇದೆ. ಕುಡಿಯುವವರು ಬಿಡಲಿ ಬಿಡದಿರಲಿ, ನೀವು ಹೋಗಬಹುದು. ಅವರ ಒಪ್ಪಿಗೆ ಬೇಕಿಲ್ಲ.

ಕುಡಿಯುವವರನ್ನು ಎಳೆದುಕೊಂಡು ಸಭೆಗೆ ಕೂರಿಸಿದರೆ ಒಂದು ದಿನ ಕೂರುತ್ತಾರೆ, ಅಷ್ಟೇ. ಓಪನ್ ಸಭೆಗೆ "ನಾನೂ ಬರ್ತೀನಿ, ಒಂದು ಗಂಟೆ ಕೂತು ಬರೋಣ" ಎಂದು ಕರೆಯುವುದು ವಾಸಿ. ಗಂಡನಿಗೆ ಗೊತ್ತಾಗದ ಹಾಗೆ ಊಟದಲ್ಲಿ ಕುಡಿತ ಬಿಡಿಸುವ ಮಾತ್ರೆ ಬೆರೆಸುವ ಯೋಚನೆ ಇದ್ದರೆ ಈಗಲೇ ಬಿಡಿ. ಡೈಸಲ್ಫಿರಾಂ ಎಂಬ ಆ ಮಾತ್ರೆ ಹೊಟ್ಟೆಯಲ್ಲಿರುವಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ಪ್ರಾಣವೇ ಹೋಗಬಹುದು. ತೆಗೆದುಕೊಳ್ಳುವವರಿಗೆ ಗೊತ್ತಿದ್ದು, ಡಾಕ್ಟರ ನಿಗಾದಲ್ಲಿ ಮಾತ್ರ ಅದನ್ನು ಕೊಡಬೇಕು.

ಮೊದಲ ಸಭೆ ಮುಗಿಸಿ ಅವರು ಮನೆಗೆ ಬಂದಾಗ ನಿಮಗೆ ನೂರು ಪ್ರಶ್ನೆ ಇರುತ್ತದೆ. ಏನು ಹೇಳಿದರು, ಯಾರಿದ್ದರು, ಇನ್ನು ಕುಡಿಯಲ್ಲ ತಾನೇ? ಅವನ್ನೆಲ್ಲ ನಿಮ್ಮ ಅಲ್-ಅನಾನ್ ಸಭೆಗೆ ಇಟ್ಟುಕೊಳ್ಳಿ. ಬಾಗಿಲು ತೆಗೆದು, "ಬಂದ್ರಾ? ಊಟಕ್ಕೆ ಹಾಕ್ಲಾ?" ಎಂದು ಕೇಳಿ.